ಖಾಲಿ ಬಿಟ್ಟ ಚೌಕದ ಹಣ ಯಾರಿಗೆ?



ಜುಲೈ ಬಂತೆಂದರೆ ಸಂಬಳದಾರರ ಮನೆಗಳಲ್ಲಿ ಒಂದು ಗೊಣಗು ತಪ್ಪದೆ ಕೇಳಿಸುತ್ತದೆ. "ಇಷ್ಟು ತೆರಿಗೆ ಕಟ್ಟುತ್ತೇವಲ್ಲ, ಅದೆಲ್ಲ ಎಲ್ಲಿಗೆ ಹೋಗುತ್ತದೋ!" ಆದಾಯ ತೆರಿಗೆಯ ರಿಟರ್ನ್ ನಮೂನೆ ನಮ್ಮನ್ನು ಕೇಳದೆ ಬಿಡುವ ಪ್ರಶ್ನೆ ಕಡಿಮೆ. ಪ್ಯಾನ್ ಎಷ್ಟು, ಆಧಾರ್ ಎಷ್ಟು, ಯಾವ ಬ್ಯಾಂಕು, ಉಳಿತಾಯ ಖಾತೆಯಲ್ಲಿ ಬಂದ ಬಡ್ಡಿ ಎಷ್ಟು, ಬಾಡಿಗೆ ಎಷ್ಟು, ಎಲ್ಲವನ್ನೂ ಕೇಳುತ್ತದೆ. ಈ ಹಣವನ್ನು ಯಾವ ಕೆಲಸಕ್ಕೆ ಖರ್ಚು ಮಾಡಲಿ ಎಂದು ಮಾತ್ರ ಕೇಳುವುದಿಲ್ಲ.

ಕೇಳುವ ದೇಶಗಳಿವೆ. ಪೂರ್ತಿ ತೆರಿಗೆಯ ಬಗ್ಗೆ ಯಾವ ದೇಶವೂ ಕೇಳುವುದಿಲ್ಲ, ಒಂದು ಸಣ್ಣ ತುಣುಕಿನ ಬಗ್ಗೆ ಕೇಳುತ್ತವೆ. ಆಸ್ಪತ್ರೆಗೆ ಇರಲಿ, ಸಂಶೋಧನೆಗೆ ಇರಲಿ, ಅನಾಥ ಮಕ್ಕಳಿಗೆ ಇರಲಿ ಎಂದು ತೆರಿಗೆದಾರ ಗುರುತು ಹಾಕಬಹುದು. ಗುರುತು ಹಾಕಿದರೂ ಹಾಕದಿದ್ದರೂ ಅವನು ಕಟ್ಟುವ ತೆರಿಗೆ ಅಷ್ಟೇ. ಕೇಳಿದ ಕೂಡಲೇ "ಆಹಾ, ನಮ್ಮಲ್ಲೂ ಇದು ಬರಲಿ" ಅನ್ನಿಸುತ್ತದೆ. ನನಗೂ ಅನ್ನಿಸುತ್ತದೆ. ಆದರೆ ಆ ದೇಶಗಳ ಲೆಕ್ಕವನ್ನು ಬಿಡಿಸಿ ನೋಡಿದವರು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಗುರುತು ಹಾಕದೆ ಬಿಟ್ಟವರ ಹಣ ಯಾರ ಪಾಲಾಗುತ್ತದೆ? ಇದಕ್ಕೆ ಉತ್ತರ ಇಟಲಿಯಲ್ಲಿ ಸಿಗುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿ ಒಂದು ರಾಷ್ಟ್ರವಾಗಿ ಒಗ್ಗೂಡಿದಾಗ ಹೊಸ ಸರ್ಕಾರ ಚರ್ಚಿನ ಆಸ್ತಿಪಾಸ್ತಿಯಲ್ಲಿ ಬಹುಪಾಲನ್ನು ವಶಪಡಿಸಿಕೊಂಡಿತು. ಜಮೀನು ಕಳೆದುಕೊಂಡ ಪಾದ್ರಿಗಳ ಜೀವನೋಪಾಯಕ್ಕೆ ಸರ್ಕಾರವೇ ಒಂದಿಷ್ಟು ಹಣ ಕೊಡತೊಡಗಿತು. ಈ ಪದ್ಧತಿ ಸುಮಾರು ಒಂದು ಶತಮಾನ ನಡೆಯಿತು. 1984ರ ಫೆಬ್ರವರಿಯಲ್ಲಿ ಪ್ರಧಾನಿ ಬೆಟ್ಟಿನೊ ಕ್ರಾಕ್ಸಿಯವರೂ ವ್ಯಾಟಿಕನ್ನಿನ ಪರವಾಗಿ ಕಾರ್ಡಿನಲ್ ಕಸರೋಲಿಯವರೂ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಕ್ಯಾಥೊಲಿಕ್ ಮತ ಇನ್ನು ಮುಂದೆ ಇಟಲಿಯ ರಾಷ್ಟ್ರಧರ್ಮವಲ್ಲ ಎಂದಾಯಿತು. ಹಾಗಾದರೆ ಪಾದ್ರಿಗಳ ಸಂಬಳಕ್ಕೆ ದಾರಿ? ಅದಕ್ಕೆ 1985ರ ಕಾನೂನು ಒಂದು ಉಪಾಯ ಹುಡುಕಿತು. ಇಡೀ ದೇಶದ ವೈಯಕ್ತಿಕ ಆದಾಯ ತೆರಿಗೆಯಲ್ಲಿ ಸಾವಿರಕ್ಕೆ ಎಂಟರಷ್ಟನ್ನು ಪಕ್ಕಕ್ಕೆ ಎತ್ತಿಡುವುದು. ಅದು ಯಾರಿಗೆ ಎಂಬುದನ್ನು ತೆರಿಗೆದಾರರೇ ತಮ್ಮ ನಮೂನೆಯಲ್ಲಿ ಸಹಿ ಹಾಕಿ ಹೇಳುವುದು. 1990ರಿಂದ ಇದು ಜಾರಿಗೆ ಬಂತು.

ನಮೂನೆಯಲ್ಲಿ ಸಾಲಾಗಿ ಚೌಕಗಳಿರುತ್ತವೆ. ಒಂದರಲ್ಲಿ ಕ್ಯಾಥೊಲಿಕ್ ಚರ್ಚು, ಒಂದರಲ್ಲಿ ಸರ್ಕಾರ, ಉಳಿದವುಗಳಲ್ಲಿ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಇತರ ಧಾರ್ಮಿಕ ಸಂಸ್ಥೆಗಳು: ಲೂಥರನ್ನರು, ಯಹೂದಿಗಳು, ಅಡ್ವೆಂಟಿಸ್ಟರು, ಹೀಗೆ. 2012ರ ಡಿಸೆಂಬರ್ 31ರಂದು ಒಂದೇ ದಿನ ಎರಡು ಕಾನೂನುಗಳಾಗಿ ಬೌದ್ಧ ಒಕ್ಕೂಟ ಮತ್ತು ಇಟಲಿಯ ಹಿಂದೂ ಒಕ್ಕೂಟ ಎರಡೂ ಮಾನ್ಯತೆ ಪಡೆದವು. ಮಿಲಾನಿನಲ್ಲಿ ಉದ್ಯೋಗದಲ್ಲಿದ್ದು ಅಲ್ಲೇ ತೆರಿಗೆ ಕಟ್ಟುವ ಕನ್ನಡಿಗರ ಕೈಗೂ ಇದೇ ಹಾಳೆ ಬರುತ್ತದೆ. ಆ ದೇಶದಲ್ಲಿ ಕ್ರೈಸ್ತರ ನಂತರ ಹೆಚ್ಚಿನ ಸಂಖ್ಯೆಯಲ್ಲಿರುವವರು ಮುಸ್ಲಿಮರು. ಸರ್ಕಾರದೊಂದಿಗೆ ಅವರ ಒಪ್ಪಂದ ಆಗಿಲ್ಲವಾದ್ದರಿಂದ ಅವರಿಗೆ ಚೌಕವಿಲ್ಲ. ಅಂದರೆ ತೆರಿಗೆದಾರ ಆರಿಸುವುದಕ್ಕೆ ಮೊದಲೇ ಸರ್ಕಾರ ಆರಿಸಿಬಿಟ್ಟಿರುತ್ತದೆ. ಪಟ್ಟಿ ಬರೆಯುವವನ ಅಧಿಕಾರ ಗುರುತು ಹಾಕುವವನ ಅಧಿಕಾರಕ್ಕಿಂತ ದೊಡ್ಡದು.

ಈ ವ್ಯವಸ್ಥೆಯಲ್ಲಿ ಮೆಚ್ಚತಕ್ಕ ಒಂದು ಅಂಶವಿದೆ, ಅದನ್ನು ಇಟಲಿಯಲ್ಲೇ ಅನೇಕರು ಗಮನಿಸಿಲ್ಲ. ಸಹಿ ಹಾಕುವವರು "ನನ್ನ ತೆರಿಗೆಯ ಸಾವಿರಕ್ಕೆ ಎಂಟು ಅಲ್ಲಿಗೆ ಹೋಯಿತು" ಎಂದುಕೊಳ್ಳುತ್ತಾರೆ. ಹಾಗಲ್ಲ. ಎಲ್ಲರ ಹಣವೂ ಒಂದೇ ರಾಶಿಗೆ ಬೀಳುತ್ತದೆ. ರಾಶಿಯನ್ನು ಸಹಿಗಳ ಸಂಖ್ಯೆಯ ಪ್ರಕಾರ ಹಂಚುತ್ತಾರೆ. ಫ್ಯಾಕ್ಟರಿಯ ಮಾಲೀಕನ ಸಹಿಗೂ ಅದರ ಗೇಟು ಕಾಯುವವನ ಸಹಿಗೂ ತೂಕ ಒಂದೇ. ಇಲ್ಲಿ ಎಣಿಸುವುದು ತಲೆಯನ್ನು, ಥೈಲಿಯನ್ನಲ್ಲ.

ಮೆಚ್ಚುಗೆ ಇಲ್ಲಿಗೆ ನಿಲ್ಲಲಿ. ಇಟಲಿಯ ತೆರಿಗೆದಾರರಲ್ಲಿ ಸಹಿ ಹಾಕುವವರು ಅರ್ಧಕ್ಕಿಂತ ಕಡಿಮೆ. ಉಳಿದವರು ಆ ಹಾಳೆಯನ್ನು ಖಾಲಿ ಬಿಡುತ್ತಾರೆ. ಉದಾಸೀನವೋ, ಮರೆವೋ, ಇದೆಲ್ಲ ಬೇಡವೆಂಬ ನಿಲುವೋ, ಕಾರಣ ಏನೇ ಇರಲಿ. ಖಾಲಿ ಬಿಟ್ಟರೆ ಹಣ ಸರ್ಕಾರದ ಬೊಕ್ಕಸದಲ್ಲೇ ಉಳಿಯುತ್ತದೆ ಎಂದು ನಾವು ನೀವು ಊಹಿಸುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. ಸಹಿ ಹಾಕದವರ ಪಾಲನ್ನೂ ಸಹಿ ಹಾಕಿದವರ ಅನುಪಾತದಲ್ಲೇ ಹಂಚಬೇಕು ಎನ್ನುತ್ತದೆ. ಲೆಕ್ಕ ಸುಲಭ. ನೂರು ಮಂದಿಯಲ್ಲಿ ನಲವತ್ತು ಮಂದಿ ಸಹಿ ಹಾಕಿದರು ಎನ್ನಿ. ಅವರಲ್ಲಿ ಮೂವತ್ತೆರಡು ಮಂದಿ ಚರ್ಚಿಗೆ ಎಂದರು. ನಲವತ್ತರಲ್ಲಿ ಮೂವತ್ತೆರಡು ಅಂದರೆ ನೂರಕ್ಕೆ ಎಂಬತ್ತು. ಹಾಗಾಗಿ ರಾಶಿಯ ನೂರರಲ್ಲಿ ಎಂಬತ್ತು ಪಾಲು ಚರ್ಚಿಗೆ. ಮೂವತ್ತೆರಡು ಮಂದಿ ಕೈಯೆತ್ತಿದರು, ಎಂಬತ್ತು ಮಂದಿಯ ಹಣ ಬಂತು. ಇದು ಉದಾಹರಣೆಗೆ ಹೇಳಿದ ಅಂಕಿಯಾದರೂ ವಾಸ್ತವ ಇದರಿಂದ ಬಹಳ ದೂರವಿಲ್ಲ. ವರ್ಷಕ್ಕೆ ಹೆಚ್ಚುಕಡಿಮೆ 100 ಕೋಟಿ ಯೂರೋ ಈ ದಾರಿಯಿಂದ ಕ್ಯಾಥೊಲಿಕ್ ಚರ್ಚಿಗೆ ಸೇರುತ್ತ ಬಂದಿದೆ. ಅದರಲ್ಲಿ ಪಾದ್ರಿಗಳ ಜೀವನಾಂಶ ಇದೆ, ಪೂಜಾ ಕಾರ್ಯ ಇದೆ, ಬಡವರ ಸೇವೆಯೂ ಇದೆ.

ನಮ್ಮ ಮಹಾಲೇಖಪಾಲರಂತೆ ಅಲ್ಲಿ ಲೆಕ್ಕ ತಪಾಸಣೆಯ ನ್ಯಾಯಾಲಯವೊಂದಿದೆ. 2014ರಿಂದ ಅದು ತನ್ನ ವರದಿಗಳಲ್ಲಿ ಈ ಪದ್ಧತಿಯನ್ನು ಕಟುವಾಗಿಯೇ ಟೀಕಿಸಿದೆ. ಖಾಲಿ ಬಿಟ್ಟರೂ ಹಣ ಹಂಚಿಹೋಗುತ್ತದೆ ಎಂಬುದು ಬಹಳ ಜನರಿಗೆ ತಿಳಿದೇ ಇಲ್ಲ ಎಂದಿತು. ಚರ್ಚು ಪ್ರತಿವರ್ಷ ಟೀವಿಯಲ್ಲಿ ಸೊಗಸಾದ ಜಾಹೀರಾತು ಕೊಡುತ್ತದೆ, ಪಟ್ಟಿಯಲ್ಲಿರುವ ಸರ್ಕಾರ ಮಾತ್ರ ತನಗೆ ಸಹಿ ಹಾಕಿ ಎಂದು ಕೇಳುವುದೇ ಇಲ್ಲ ಎಂದೂ ಹೇಳಿತು. ಸರ್ಕಾರದ ಚೌಕಕ್ಕೆ ಸಹಿ ಹಾಕಿದವರ ಗತಿ ಕೇಳಿ. ಆ ಹಣ ಹಸಿವು ನೀಗಿಸಲು, ಪ್ರಕೃತಿ ವಿಕೋಪಕ್ಕೆ, ನಿರಾಶ್ರಿತರಿಗೆ, ಹಳೆಯ ಕಟ್ಟಡಗಳ ರಕ್ಷಣೆಗೆ ಎಂದು ಕಾನೂನಿನಲ್ಲಿ ಬರೆದಿದೆ. ಆದರೆ ಅದರ ದೊಡ್ಡ ಭಾಗವನ್ನು ಒಂದಾದ ಮೇಲೊಂದು ಸರ್ಕಾರಗಳು ಬಜೆಟ್ಟಿನ ಕೊರತೆ ತುಂಬಲು ಎಳೆದುಕೊಂಡವು.

ಇದರ ನಡುವೆ, ಅದೇ ಪಟ್ಟಿಯಲ್ಲಿರುವ ವಾಲ್ಡೆನ್ಸಿಯನ್ನರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇವರದು ಹನ್ನೆರಡನೇ ಶತಮಾನದಲ್ಲಿ, ಅಂದರೆ ನಮ್ಮಲ್ಲಿ ಶರಣರು ಇದ್ದ ಕಾಲದಲ್ಲೇ, ಹುಟ್ಟಿಕೊಂಡ ಕ್ರೈಸ್ತ ಪಂಥ. ರೋಮಿನ ಕಣ್ಣು ತಪ್ಪಿಸಿಕೊಂಡು ಆಲ್ಪ್ಸ್ ಕಣಿವೆಗಳಲ್ಲಿ ಶತಮಾನಗಳ ಕಾಲ ಬದುಕಿದವರು. ಇಂದು ಇಟಲಿಯಲ್ಲಿ ಅವರ ಸಂಖ್ಯೆ ಬಹಳ ಕಡಿಮೆ. ಈ ಹಣದಲ್ಲಿ ಒಂದು ಕಾಸನ್ನೂ ನಮ್ಮ ಪಾದ್ರಿಗಳ ಸಂಬಳಕ್ಕೆ, ನಮ್ಮ ಪ್ರಾರ್ಥನಾ ಮಂದಿರಗಳಿಗೆ ಮುಟ್ಟುವುದಿಲ್ಲ, ಪೂರ್ತಿ ಸಮಾಜಸೇವೆಗೆ ಮಾತ್ರ ಎಂದು ಅವರು ನಿರ್ಧರಿಸಿದರು. ಸಹಿ ಹಾಕದವರ ಪಾಲನ್ನು ಮೊದಲ ವರ್ಷಗಳಲ್ಲಿ ಬೇಡವೆಂದೂ ಅಂದರು. ಆಮೇಲೆ ಚರ್ಚೆ ಮಾಡಿ ತೆಗೆದುಕೊಳ್ಳತೊಡಗಿದರು. ಫಲವೇನೆಂದರೆ ಅವರ ಚೌಕಕ್ಕೆ ಬೀಳುವ ಸಹಿಗಳು ಅವರ ಸದಸ್ಯರಿಗಿಂತ ಎಷ್ಟೋ ಪಟ್ಟು ಹೆಚ್ಚು. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವರು, ದೇವರನ್ನೇ ನಂಬದವರು, ಎಲ್ಲರೂ ಅವರಿಗೆ ಸಹಿ ಹಾಕುತ್ತಾರೆ. ಜನರಿಗೆ ಆರಿಸಲು ಬಿಟ್ಟರೆ ಜಾತಿ ಮತ ನೋಡಿಯೇ ಆರಿಸುತ್ತಾರೆ ಎಂದು ಕೈಚೆಲ್ಲುವವರು ಇದನ್ನು ನೆನಪಿಡಬೇಕು.

2006ರಿಂದ ಇಟಲಿಯಲ್ಲಿ ಇನ್ನೊಂದು ಸಾಲು ಸೇರಿತು, ಸಾವಿರಕ್ಕೆ ಐದು. ಇದು ಸೇವಾ ಸಂಸ್ಥೆಗಳಿಗೆ, ವೈಜ್ಞಾನಿಕ ಮತ್ತು ವೈದ್ಯಕೀಯ ಸಂಶೋಧನೆಗೆ, ತಮ್ಮೂರಿನ ಪುರಸಭೆಯ ಸಮಾಜಸೇವೆಗೆ, ಆಮೇಲೆ ಹವ್ಯಾಸಿ ಕ್ರೀಡಾ ಸಂಘಗಳಿಗೂ. ಇಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆಯನ್ನೇ ಬರೆಯಬಹುದು. ಎಲ್ಲಕ್ಕಿಂತ ಹೆಚ್ಚು ಹಣ ಪಡೆಯುತ್ತ ಬಂದಿರುವುದು ಕ್ಯಾನ್ಸರ್ ಸಂಶೋಧನೆಯ ಸಂಘ; ಬಹುಶಃ ಯಾವ ದೇಶದಲ್ಲಿ ಕೇಳಿದರೂ ಜನ ಅದನ್ನೇ ಹೇಳಿಯಾರು. ಆದರೆ ಇಲ್ಲಿ ಲೆಕ್ಕ ತಲೆಯದಲ್ಲ, ಥೈಲಿಯದು. ಯಾರ ತೆರಿಗೆ ಎಷ್ಟೋ ಅದರ ಸಾವಿರಕ್ಕೆ ಐದು ಅವರು ಹೇಳಿದ ಕಡೆಗೆ. ಶ್ರೀಮಂತನೊಬ್ಬನ ಸಹಿ ನೂರು ಕಾರ್ಮಿಕರ ಸಹಿಗೆ ಸಮ. ಜೊತೆಗೆ ಸರ್ಕಾರ ಒಂದು ಮಿತಿಯನ್ನೂ ಇಟ್ಟಿತು: 2015ರಿಂದ ವರ್ಷಕ್ಕೆ 50 ಕೋಟಿ ಯೂರೋ, ನಂತರ ಸ್ವಲ್ಪ ಸ್ವಲ್ಪವೇ ಏರಿಕೆ. ಜನ ಕೊಡಿ ಎಂದದ್ದು ಆ ಮಿತಿ ದಾಟಿದರೆ ಎಲ್ಲರ ಪಾಲಿಗೂ ಕತ್ತರಿ.

ಇಟಲಿಯನ್ನು ನೋಡಿ ಹಂಗೇರಿ 1996ರಲ್ಲಿ ನೂರಕ್ಕೆ ಒಂದರ ಕಾನೂನು ಮಾಡಿತು. ಅಲ್ಲಿ ಗುರುತು ಹಾಕದವರ ಹಣ ಬೊಕ್ಕಸದಲ್ಲೇ ಉಳಿಯುತ್ತದೆ. ಅದು ಸರಿಯಾದ ಕ್ರಮ. ಸ್ಲೊವಾಕಿಯಾ, ಲಿಥುವೇನಿಯಾ, ರೊಮೇನಿಯಾ ಒಂದೊಂದಾಗಿ ಹಿಂಬಾಲಿಸಿದವು. ಪೋಲೆಂಡಿನಲ್ಲಿ 2004ರಲ್ಲಿ ನೂರಕ್ಕೆ ಒಂದರಿಂದ ಶುರುವಾಗಿ ಈಗ ಒಂದೂವರೆಗೆ ಬಂದಿದೆ. ಅಲ್ಲಿ ನಡೆದದ್ದನ್ನು ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಾಯಿಲೆಯ ಅಥವಾ ಅಂಗವೈಕಲ್ಯದ ಮಕ್ಕಳಿರುವ ಪೋಲಿಷ್ ತಂದೆತಾಯಿಯರು ದೊಡ್ಡ ಪ್ರತಿಷ್ಠಾನವೊಂದರಲ್ಲಿ ತಮ್ಮ ಮಗುವಿನ ಹೆಸರಿಗೆ ಒಂದು ಉಪಖಾತೆ ತೆರೆಯಬಹುದು. ತೆರಿಗೆದಾರ ಪ್ರತಿಷ್ಠಾನದ ಸಂಖ್ಯೆ ಬರೆದು ಪಕ್ಕದಲ್ಲಿ ಮಗುವಿನ ಹೆಸರನ್ನೂ ಬರೆದರೆ ಹಣ ಆ ಮಗುವಿನ ಚಿಕಿತ್ಸೆಗೆ. ಹೀಗೆ ಮಕ್ಕಳ ಖಾತೆಗಳನ್ನು ನಡೆಸುವ ಪ್ರತಿಷ್ಠಾನವೇ ಅಲ್ಲಿ ಎಲ್ಲರಿಗಿಂತ ಹೆಚ್ಚು ಹಣ ಪಡೆಯುವ ಸಂಸ್ಥೆ. ತೆರಿಗೆಯ ಋತು ಬಂತೆಂದರೆ ತಾಯ್ತಂದೆಯರು ಮಗುವಿನ ಫೋಟೊ ಹಾಕಿದ ಚೀಟಿ ಹಿಡಿದು ಕಚೇರಿ, ಶಾಲೆ, ನೆಂಟರಿಷ್ಟರ ಮನೆ ಸುತ್ತುತ್ತಾರೆ. ಕೊಡುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇದು ತೆರಿಗೆಯ ಹಣ. ಪರಿಚಯಸ್ಥರು ಹೆಚ್ಚಿರುವ, ಸಂಬಳ ಚೆನ್ನಾಗಿರುವ ಬಳಗದ ಮಗುವಿಗೆ ಹೆಚ್ಚು ಫಿಸಿಯೊಥೆರಪಿ. ಹಳ್ಳಿಯ ಮೂಲೆಯಲ್ಲಿ ಒಬ್ಬಳೇ ತಾಯಿ ಸಾಕುವ ಮಗುವಿಗೆ ಕಡಿಮೆ. ಎರಡು ಮಕ್ಕಳ ಕಾಯಿಲೆಯೂ ಒಂದೇ. ಹೀಗಾಗಬಾರದು ಎಂದೇ ಅಲ್ಲವೆ ಮನುಷ್ಯರು ತೆರಿಗೆ ಎಂಬುದನ್ನು ಕಂಡುಹಿಡಿದದ್ದು? ನಮ್ಮ ಊರುಹಬ್ಬದ ವಂತಿಗೆಯಲ್ಲಿ ಕೊಟ್ಟವರ ಕೈ ನೋಡಿ ಎಲೆಗೆ ಬಡಿಸುವುದಿಲ್ಲ.

ಇನ್ನೂ ಒಂದು ಚಮತ್ಕಾರ ಪೋಲೆಂಡಿನಲ್ಲಿ ನಡೆಯಿತು. ರಿಟರ್ನ್ ತುಂಬಲು ಉಚಿತ ತಂತ್ರಾಂಶವನ್ನು ಕೆಲವು ಸಂಸ್ಥೆಗಳು ಹಂಚಿದವು. ಅದರಲ್ಲಿ ಅವರ ಸಂಖ್ಯೆಯೇ ಮೊದಲೇ ಭರ್ತಿಯಾಗಿರುತ್ತದೆ. ಅಳಿಸಿ ಬೇರೆ ಬರೆಯುವ ತೊಂದರೆ ಯಾರಿಗೆ ಬೇಕು!

ಜಪಾನಿನ ಕಥೆ ಇದಕ್ಕಿಂತ ತಮಾಷೆಯದು, ಬೇಗ ಹೇಳಿ ಮುಗಿಸುತ್ತೇನೆ. ಪಟ್ಟಣ ಸೇರಿದವರು ಹುಟ್ಟೂರನ್ನು ಮರೆಯದಿರಲಿ ಎಂದು 2008ರಲ್ಲಿ ಅಲ್ಲಿ ಊರ ತೆರಿಗೆ ಎಂಬ ಯೋಜನೆ ಬಂತು. ಯಾವ ಊರಿಗಾದರೂ ದೇಣಿಗೆ ಕೊಡಿ, ಒಂದು ಸಣ್ಣ ಮೊತ್ತ ಬಿಟ್ಟು ಉಳಿದದ್ದನ್ನು ಮಿತಿಯೊಳಗೆ ನಿಮ್ಮ ತೆರಿಗೆಯಲ್ಲಿ ಕಳೆಯುತ್ತೇವೆ ಎಂದಿತು ಸರ್ಕಾರ. ಊರುಗಳು ದಾನಿಗಳಿಗೆ ಉಡುಗೊರೆ ಕಳಿಸತೊಡಗಿದವು: ಅಕ್ಕಿ, ಏಡಿ, ಗೋಮಾಂಸ, ಹಣ್ಣು. ಒಸಾಕಾ ಪ್ರಾಂತ್ಯದ ಇಜುಮಿಸಾನೊ ಎಂಬ ಊರು ಅಮೆಜಾನ್ ಗಿಫ್ಟ್ ಕಾರ್ಡನ್ನೇ ಕೊಟ್ಟಿತು. 2019ರಲ್ಲಿ ಸರ್ಕಾರ ಉಡುಗೊರೆಯ ಬೆಲೆ ದೇಣಿಗೆಯ ನೂರಕ್ಕೆ ಮೂವತ್ತು ಮೀರಬಾರದು, ಸ್ಥಳೀಯ ವಸ್ತುವೇ ಆಗಬೇಕು ಎಂದು ನಿಯಮ ಮಾಡಿ ಆ ಊರನ್ನು ಹೊರಗಿಟ್ಟಿತು. ಊರು ಕೋರ್ಟಿಗೆ ಹೋಗಿ 2020ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಈಗ ಈ ದೇಣಿಗೆ ವರ್ಷಕ್ಕೆ ಒಂದು ಲಕ್ಷ ಕೋಟಿ ಯೆನ್ ದಾಟಿದೆ. ಯೊಕೊಹಾಮಾದಂಥ ನಗರಗಳು ತಮ್ಮ ವರಮಾನ ಸೋರಿಹೋಗುತ್ತಿದೆ ಎಂದು ತಲೆಮೇಲೆ ಕೈಹೊತ್ತು ಕೂತಿವೆ. ತೆರಿಗೆ ಕಟ್ಟುವುದು ಅಂಗಡಿ ಬೀದಿಯ ವ್ಯಾಪಾರವಾಯಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಆಯ್ಕೆ ಇಲ್ಲವೆಂದು ಆರಂಭದಲ್ಲಿ ಹೇಳಿದೆ. ಆದರೆ ಹಿಂಬಾಗಿಲಿನಿಂದ ಒಂದು ಆಯ್ಕೆ ಇದೆ. 80ಜಿ ಎಂದು ನಾವೆಲ್ಲ ಕರೆಯುತ್ತ ಬಂದ ದೇಣಿಗೆಯ ವಿನಾಯಿತಿ ಅದು. ಹಳೆಯ ತೆರಿಗೆ ಪದ್ಧತಿಯಲ್ಲಿ ನೂರಕ್ಕೆ ಮೂವತ್ತರ ಹಂತದಲ್ಲಿರುವವರು ಅರ್ಧ ವಿನಾಯಿತಿ ಇರುವ ಸಂಸ್ಥೆಯೊಂದಕ್ಕೆ 10,000 ರೂಪಾಯಿ ಕೊಟ್ಟರೆ ಅವರ ತೆರಿಗೆಯಲ್ಲಿ 1,500 ರೂಪಾಯಿ ಉಳಿಯುತ್ತದೆ. ಆ 1,500 ಸರ್ಕಾರ ಸೇರಿಸಿದ ಪಾಲು ಎಂದೇ ಅರ್ಥ. ನೂರಕ್ಕೆ ಇಪ್ಪತ್ತರ ಹಂತದ ಗುಮಾಸ್ತ ಅದೇ 10,000 ಕೊಟ್ಟರೆ ಸರ್ಕಾರ ಸೇರಿಸುವುದು 1,000. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದ ಹೂ ಮಾರುವಾಕೆ ಮಠದ ಶಾಲೆಗೆ ಕೊಡುವ ನೂರು ರೂಪಾಯಿಗೆ ಸರ್ಕಾರ ಸೇರಿಸುವುದು ಸೊನ್ನೆ. ಮತ್ತೆ ಥೈಲಿಯ ಲೆಕ್ಕವೇ. ಹೊಸ ತೆರಿಗೆ ಪದ್ಧತಿಯಲ್ಲಿ ಈ ವಿನಾಯಿತಿಯೂ ಇಲ್ಲ.

ಇಂಥದಕ್ಕೇ ಎಂದು ಹೆಸರು ಹೇಳಿ ವಸೂಲಿ ಮಾಡುವ ತೆರಿಗೆಯೂ ನಮ್ಮಲ್ಲಿದೆ. ಅದೇ ಸೆಸ್, ಉಪಕರ. 2004ರಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ನೂರಕ್ಕೆ ಎರಡು ಬಂತು, 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆ ಇನ್ನೊಂದು ಸೇರಿತು, 2018ರಿಂದ ಎಲ್ಲ ಸೇರಿ ಆರೋಗ್ಯ ಮತ್ತು ಶಿಕ್ಷಣದ ಹೆಸರಿನಲ್ಲಿ ನಾಲ್ಕು. ಆ ಪ್ರೌಢ ಮತ್ತು ಉನ್ನತ ಶಿಕ್ಷಣದ ಸೆಸ್ಸನ್ನು ಜಮಾ ಮಾಡಬೇಕಾದ ನಿಧಿಯನ್ನು ಸ್ಥಾಪಿಸಲು ಕೇಂದ್ರ ಸಂಪುಟ ಒಪ್ಪಿದ್ದು 2017ರಲ್ಲಿ, ವಸೂಲಿ ಶುರುವಾಗಿ ಹತ್ತು ವರ್ಷದ ಮೇಲೆ. ಅಷ್ಟರಲ್ಲಿ ಸಂಗ್ರಹವಾಗಿದ್ದ 80 ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣ ಯಾವ ನಿಧಿಗೂ ಹೋಗದೆ ಸಾಮಾನ್ಯ ಖಾತೆಯಲ್ಲಿ ಕರಗಿದ್ದನ್ನು ಮಹಾಲೇಖಪಾಲರು ಎತ್ತಿ ತೋರಿಸಿದರು. ಸಂವಿಧಾನದ ಪ್ರಕಾರ ಸೆಸ್ಸಿನಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕಾಗಿಲ್ಲ ಎಂಬುದು ಬೇರೆ ಜಗಳ.

ಅಷ್ಟು ದೂರ ದೆಹಲಿಗೆ ಯಾಕೆ ಹೋಗಬೇಕು? ನಿಮ್ಮ ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂದಿದೆ, ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು. ಕರ್ನಾಟಕದ 1965ರ ಸಾರ್ವಜನಿಕ ಗ್ರಂಥಾಲಯ ಕಾನೂನು ಅದಕ್ಕೆ ಆಧಾರ. ಭಿಕ್ಷುಕರ ಕರ ಎಂದಿದೆ, ನೂರಕ್ಕೆ ಮೂರು. ಅದು 1975ರ ಭಿಕ್ಷಾಟನೆ ನಿಷೇಧ ಕಾನೂನಿನಿಂದ ಬಂದದ್ದು. ಎಷ್ಟು ಸ್ಪಷ್ಟ ನೋಡಿ: ಇಷ್ಟು ಪುಸ್ತಕಕ್ಕೆ, ಇಷ್ಟು ನಿರ್ಗತಿಕರಿಗೆ. ಇಟಲಿಯವರ ಚೌಕಕ್ಕಿಂತ ಇದು ಹಳೆಯದು, ಒಂದು ರೀತಿಯಲ್ಲಿ ಉತ್ತಮವಾದದ್ದೂ ಹೌದು. ಎಲ್ಲರೂ ಕಟ್ಟುತ್ತಾರೆ, ಯಾರ ಮರ್ಜಿಗೂ ಕಾಯಬೇಕಿಲ್ಲ. ಆದರೆ ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ ಗ್ರಂಥಾಲಯ ಕರವನ್ನು ಗ್ರಂಥಾಲಯ ಇಲಾಖೆಗೆ ಕಟ್ಟದೆ ಉಳಿಸಿಕೊಂಡ ಸುದ್ದಿ, ರಾಜಧಾನಿಯಲ್ಲೇ ಬಾಕಿ ನೂರಾರು ಕೋಟಿ ಎಂಬ ಸುದ್ದಿ, ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಭಿಕ್ಷುಕರನ್ನು ಇರಿಸುವ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ 2010ರಲ್ಲಿ ಸಾಲುಸಾಲಾಗಿ ಜನ ಸತ್ತಾಗ ಇಡೀ ರಾಜ್ಯ ತಲ್ಲಣಿಸಿತು. ಭಿಕ್ಷುಕರ ಹೆಸರಿನ ಕರವನ್ನು ಅಲ್ಲಿಯವರೆಗೆ ಎಷ್ಟು ವರ್ಷ ಕಟ್ಟಿದ್ದೆವು ನಾವು!

ಹಾಗಾದರೆ ತೆರಿಗೆದಾರನಿಗೆ ಆಯ್ಕೆ ಕೊಡಬೇಕೆ, ಬೇಡವೆ? ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಸಣ್ಣ ಪಾಲಿಗೆ ಕೊಡಬಹುದು. ಆದರೆ ಸಹಿಗೆ ಸಹಿ ಸಮ ಎಂಬ ಇಟಲಿಯ ಮೊದಲ ನಿಯಮ ಬೇಕು, ಖಾಲಿ ಬಿಟ್ಟ ಹಣ ಬೊಕ್ಕಸಕ್ಕೇ ಎಂಬ ಹಂಗೇರಿಯ ನಿಯಮ ಬೇಕು. ಪಟ್ಟಿಯಲ್ಲಿ ಮಠ ಮಂದಿರ ಮಸೀದಿ ಚರ್ಚು ಬೇಡ. ಕೆರೆ, ಆಸ್ಪತ್ರೆ, ಗ್ರಂಥಾಲಯ, ಅಂಗವಿಕಲರ ಶಾಲೆ ಇರಲಿ. ಯಾವುದೋ ಒಂದು ಮಗುವಿನ ಹೆಸರು ಬರೆಯುವ ಜಾಗವಂತೂ ಖಂಡಿತ ಬೇಡ.

ಇಷ್ಟಾದರೂ ಒಂದು ಅಡ್ಡಿ ಉಳಿಯುತ್ತದೆ, ಅದು ಭಾರತಕ್ಕೆ ವಿಶೇಷವಾದದ್ದು. 140 ಕೋಟಿ ಜನರಲ್ಲಿ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸುವವರು 10 ಕೋಟಿಗಿಂತ ಕಡಿಮೆ. ಅವರಲ್ಲೂ ಅರ್ಧಕ್ಕಿಂತ ಹೆಚ್ಚಿನವರ ತೆರಿಗೆ ಸೊನ್ನೆ. ಸೋಪು, ಚಪ್ಪಲಿ, ಮೊಬೈಲ್ ಕರೆನ್ಸಿಯ ಮೇಲಿನ ಜಿಎಸ್‌ಟಿಯನ್ನು ಹೂ ಮಾರುವಾಕೆಯೂ ಕಟ್ಟುತ್ತಾಳೆ. ಆಕೆಗೆ ನಮೂನೆಯೂ ಇಲ್ಲ, ಚೌಕವೂ ಇಲ್ಲ. ಆಯ್ಕೆಯ ಹಕ್ಕನ್ನು ಆದಾಯ ತೆರಿಗೆಗೆ ಗಂಟು ಹಾಕಿದರೆ ನಮ್ಮಂಥ ಸಂಬಳದಾರರಿಗೆ ಎರಡನೆಯ ಮತ ಕೊಟ್ಟಂತಾಗುತ್ತದೆ. ಆದ್ದರಿಂದ ನಮ್ಮಲ್ಲಿ ಈ ಪ್ರಯೋಗ ನಡೆಯಬೇಕಾದ ಜಾಗ ದೆಹಲಿಯ ರಿಟರ್ನ್ ನಮೂನೆ ಅಲ್ಲ, ಗ್ರಾಮಸಭೆ ಮತ್ತು ವಾರ್ಡ್ ಸಭೆ. ಪುಣೆಯ ಮಹಾನಗರಪಾಲಿಕೆ 2006ರಿಂದ ವಾರ್ಡಿನ ಕಾಮಗಾರಿಗಳಿಗೆ ನಾಗರಿಕರ ಸಲಹೆ ಪಡೆಯುವ ಕ್ರಮ ಇಟ್ಟುಕೊಂಡಿದೆ. ನಮ್ಮ ಗ್ರಾಮಸಭೆಗಂತೂ ಸಂವಿಧಾನದ ಬಲವೇ ಇದೆ. ಅಲ್ಲಿ ಕೈಯೆತ್ತಲು ಪ್ಯಾನ್ ಕಾರ್ಡು ಕೇಳುವುದಿಲ್ಲ.

ಕೇಳುಗರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಯೋ ವಾರ್ಡ್ ಸಭೆಯೋ ನಡೆದಾಗ ಹೋಗಿ ಎರಡೇ ಪ್ರಶ್ನೆ ಕೇಳಿ: ಕಳೆದ ವರ್ಷ ನಮ್ಮಿಂದ ಎಷ್ಟು ಗ್ರಂಥಾಲಯ ಕರ ವಸೂಲಾಯಿತು, ಅದರಲ್ಲಿ ಎಷ್ಟು ಗ್ರಂಥಾಲಯಕ್ಕೆ ಸೇರಿತು? ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅರ್ಜಿ ಶುಲ್ಕ ಹತ್ತು ರೂಪಾಯಿ.